ತಾಳೆಗರಿಯಿಂದ ಗಣಕದ ಪರದೆಗೆ: ಗ್ರಂಥ ಉಳಿಸುವ ಕೆಲಸದ ಇತಿಹಾಸ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಇತಿಹಾಸವನ್ನೂ ಊರಿನ ಇತಿಹಾಸವನ್ನೂ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಆದ್ದರಿಂದ ನಾನು ಬೇರೊಂದು ಇತಿಹಾಸವನ್ನು ಆರಿಸಿಕೊಂಡೆ. ಹಳೆಯ ಸಂಸ್ಕೃತ ಗ್ರಂಥಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ದಾಟಿಬಂದವು, ಈಗ ಅಂತರ್ಜಾಲದ ಗ್ರಂಥಾಲಯಗಳಿಗೆ ಹೇಗೆ ಸೇರುತ್ತಿವೆ ಎಂಬುದು ಅದರ ವಸ್ತು. ಕೆಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ನಾನು ಈ ಗ್ರಂಥಾಲಯಗಳನ್ನು ಬಳಸುತ್ತಿದ್ದೇನೆ. ಅವುಗಳಿಗಾಗಿ ಕರಡು ತಿದ್ದುವ ಕೆಲಸವನ್ನೂ ಮಾಡುತ್ತಿದ್ದೇನೆ. ನಾನು ಸಂಸ್ಕೃತ ಪಂಡಿತನಲ್ಲ. ಹೈಸ್ಕೂಲಿನಲ್ಲಿ ಕಲಿತ ಓದು ಬರಹದ ಬಲದಿಂದಲೇ ಮಾಡಬಹುದಾದ ಕೆಲಸ ಇಲ್ಲಿ ಬಹಳ ಇದೆ. ಅದರಲ್ಲಿ ಒಂದು ಭಾಗವನ್ನಂತೂ ನಮ್ಮಂಥವರಲ್ಲದೆ ಬೇರೆಯವರು ಮಾಡುವುದು ಕಷ್ಟ. ಇದನ್ನು ಹೇಳುವುದೇ ಈ ಲೇಖನದ ಉದ್ದೇಶ.

ನಕಲುಗಾರರ ಕಾಲ

ಕಾಗದದ ಬಳಕೆ ಹೆಚ್ಚುವ ಮೊದಲು ದಕ್ಷಿಣ ಭಾರತದಲ್ಲಿ ಗ್ರಂಥಗಳನ್ನು ತಾಳೆಗರಿಯ ಮೇಲೆ ಬರೆಯುತ್ತಿದ್ದರು. ಹದಮಾಡಿದ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರ ಕೊರೆದು, ಮಸಿ ಸವರಿ ಒರೆಸಿದರೆ ಗೀರಿನಲ್ಲಿ ಮಸಿ ನಿಂತು ಅಕ್ಷರ ಕಾಣಿಸುತ್ತದೆ. ಗರಿಗಳಿಗೆ ತೂತು ಮಾಡಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆ ಇಟ್ಟು ಕಟ್ಟುತ್ತಿದ್ದರು. ಮಳೆ, ಗೆದ್ದಲು, ಹುಳುಗಳ ನಮ್ಮ ನಾಡಿನಲ್ಲಿ ಇಂಥ ಒಂದು ಕಟ್ಟು ಕೆಲವು ನೂರು ವರ್ಷ ಬಾಳಿದರೆ ಅದೇ ಹೆಚ್ಚು.

ಹಾಗಿದ್ದರೆ ಸಾವಿರ, ಎರಡು ಸಾವಿರ ವರ್ಷ ಹಿಂದಿನ ಗ್ರಂಥ ನಮ್ಮ ಕೈಗೆ ಬಂದದ್ದು ಹೇಗೆ? ಒಂದು ಓಲೆ ಹಾಳಾಗುವ ಮೊದಲೇ ಯಾರೋ ಕುಳಿತು ಇನ್ನೊಂದು ಓಲೆಗೆ ನಕಲು ಮಾಡಿದರು. ಅದು ಹಾಳಾಗುವ ಮೊದಲು ಮತ್ತೊಬ್ಬರು ಮಾಡಿದರು. ನಕಲಾಗದೆ ಉಳಿದ ಗ್ರಂಥ ಕಾಲಕ್ರಮದಲ್ಲಿ ಇಲ್ಲವಾಯಿತು. ಕೆಲವದರ ಹೆಸರು ಮಾತ್ರ ಬೇರೆಯವರ ಗ್ರಂಥಗಳಲ್ಲಿ ಉಳಿಯಿತು. ಅನೇಕ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬೆನ್ನು ಬಾಗಿ, ಕಣ್ಣು ಸೋತು ಬರೆದಿದ್ದೇವೆ, ಇದನ್ನು ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಕಾಪಾಡಿ ಎಂಬ ಅರ್ಥದ ಮಾತುಗಳನ್ನು ಬರೆದಿಟ್ಟಿದ್ದಾರೆ. ಕವಿಗಳ ಹೆಸರು ನಮಗೆ ಗೊತ್ತು, ಈ ನಕಲುಗಾರರಲ್ಲಿ ಹೆಚ್ಚಿನವರ ಹೆಸರು ಗೊತ್ತಿಲ್ಲ. ಕವಿ ಉಳಿದದ್ದು ಮಾತ್ರ ಇವರಿಂದ.

ಈ ಕಾಲದ ಇನ್ನೊಂದು ಮುಖವನ್ನೂ ಹೇಳಬೇಕು. ಓಲೆಯ ಕಟ್ಟುಗಳು ಇದ್ದದ್ದು ಕೆಲವು ಮನೆಗಳಲ್ಲಿ, ಮಠಗಳಲ್ಲಿ, ಅರಮನೆಗಳಲ್ಲಿ. ಯಾರು ಓದಬಹುದು, ಯಾರು ಓದಬಾರದು ಎಂಬ ಕಟ್ಟುಪಾಡು ಬಲವಾಗಿತ್ತು. ಹೆಚ್ಚಿನ ಜಾತಿಗಳವರಿಗೆ, ಬಹುಪಾಲು ಹೆಣ್ಣುಮಕ್ಕಳಿಗೆ ಆ ಬಾಗಿಲು ಮುಚ್ಚಿತ್ತು. ಗ್ರಂಥ ಅಳಿಯುವುದಕ್ಕೆ ಗೆದ್ದಲಿನಷ್ಟೇ ಈ ಮುಚ್ಚಿದ ಬಾಗಿಲೂ ಕಾರಣವೆಂದು ನನಗೆ ಅನ್ನಿಸುತ್ತದೆ. ಓದುವವರು ಕಡಿಮೆಯಾದಷ್ಟೂ ನಕಲು ಮಾಡುವವರೂ ಕಡಿಮೆ.

ಮೈಸೂರಿನಲ್ಲಿ ಸಿಕ್ಕ ಅರ್ಥಶಾಸ್ತ್ರ

ಒಂದು ಗ್ರಂಥ ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿರಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಪ್ರಸಿದ್ಧ ಉದಾಹರಣೆ ಇದೆ. ಮೈಸೂರಿನಲ್ಲಿ 1891ರಲ್ಲಿ ಪ್ರಾಚ್ಯ ಗ್ರಂಥಾಲಯ ಆರಂಭವಾಯಿತು. ಈಗ ಅದನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯ ಎನ್ನುತ್ತೇವೆ. ಅದು ಇರುವ ಜ್ಯೂಬಿಲಿ ಹಾಲ್ ಕಟ್ಟಡ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗಾಗಿ 1887ರಲ್ಲಿ ಶಂಕುಸ್ಥಾಪನೆಯಾದದ್ದು. ಸುವರ್ಣ ಮಹೋತ್ಸವವೊಂದರ ಕಟ್ಟಡ ಹೀಗೆ ಗ್ರಂಥಗಳ ಮನೆಯಾಯಿತು.

ಆ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವರು ಆರ್. ಶಾಮಶಾಸ್ತ್ರಿಗಳು. ಕಾವೇರಿ ದಡದ ರುದ್ರಪಟ್ಟಣವೆಂಬ ಹಳ್ಳಿಯಲ್ಲಿ 1868ರಲ್ಲಿ ಹುಟ್ಟಿದವರು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರಿಂದ ಗ್ರಂಥಾಲಯಕ್ಕೆ ಬಂದ ಓಲೆ ಕಟ್ಟೊಂದನ್ನು ಅವರು ಓದಿ ನೋಡಿದರು. ಅದು ಗ್ರಂಥ ಲಿಪಿಯಲ್ಲಿತ್ತು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ತಿಳಿಯಿತು. ದಂಡಿ, ಬಾಣ ಮೊದಲಾದವರ ಮಾತುಗಳಿಂದ ಇಂಥ ಒಂದು ಗ್ರಂಥ ಇತ್ತೆಂದು ವಿದ್ವಾಂಸರಿಗೆ ಗೊತ್ತಿತ್ತೇ ಹೊರತು, ಪೂರ್ತಿ ಗ್ರಂಥವನ್ನು ಆಧುನಿಕ ಕಾಲದವರು ನೋಡಿರಲಿಲ್ಲ. ಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪುಸ್ತಕವಾಗಿ ತಂದರು. ಆಮೇಲೆ ಬೇರೆ ಪ್ರತಿಗಳೂ ಸಿಕ್ಕವು. ಅವನ್ನೆಲ್ಲ ಹೋಲಿಸಿ ಆರ್. ಪಿ. ಕಾಂಗ್ಲೆಯವರು 1960ರ ದಶಕದಲ್ಲಿ ಮುಂಬಯಿಯಿಂದ ಪರಿಷ್ಕೃತ ಆವೃತ್ತಿ ತಂದರು. ಇಂದು ಯಾವ ಊರಿನಲ್ಲಿ ಕುಳಿತರೂ ಅರ್ಥಶಾಸ್ತ್ರದ ಮೂಲವನ್ನು ಗಣಕದ ಪರದೆಯ ಮೇಲೆ ಓದಬಹುದು.

ಭಾರತದ ಇತಿಹಾಸವನ್ನು ಓದುವ ಬಗೆಯನ್ನೇ ಬದಲಿಸಿದ ಈ ಘಟನೆಯಲ್ಲಿ ನಾವು ಮರೆಯುವ ಒಂದು ಅಂಶವಿದೆ. ಓಲೆ ಸಿಕ್ಕಿತು ಎಂದರೆ ಸಾಲದು. ಆ ಲಿಪಿಯನ್ನು ಓದಬಲ್ಲ ಒಬ್ಬರು ಅಲ್ಲಿದ್ದರು, ಕುಳಿತು ಓದಿದರು. ಲಿಪಿ ಬಲ್ಲವರು ಇಲ್ಲದಿದ್ದರೆ ಗ್ರಂಥ ಎದುರಿಗಿದ್ದೂ ಇಲ್ಲದಂತೆಯೇ.

ಗಣಕಕ್ಕೆ ಬಂದ ಮಹಾಭಾರತ

ಅಚ್ಚಿನ ಕಾಲದ ಬಹುದೊಡ್ಡ ಕೆಲಸವೆಂದರೆ ಪುಣೆಯ ಭಂಡಾರ್‌ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ಮಹಾಭಾರತ. ಬೇರೆ ಬೇರೆ ಲಿಪಿಗಳ 1,259 ಹಸ್ತಪ್ರತಿಗಳನ್ನು ನೋಡಿ, ಎಲ್ಲೆಲ್ಲಿ ಯಾವ ಪಾಠ ಇದೆ ಎಂದು ಗುರುತಿಸಿ, 1919ರಲ್ಲಿ ಆರಂಭಿಸಿದ ಕೆಲಸ 1966ರಲ್ಲಿ ಮುಗಿಯಿತು. ಹೆಚ್ಚುಕಡಿಮೆ ನಮ್ಮ ಶಾಲೆಯ ಈಗಿನ ವಯಸ್ಸಿನಷ್ಟು ಕಾಲ ಒಂದೇ ಗ್ರಂಥಕ್ಕೆ ಹಿಡಿಯಿತು.

ಈ ಆವೃತ್ತಿಯ ಪಾಠವನ್ನು ಜಪಾನಿನ ಕ್ಯೋಟೋ ನಗರದ ವಿದ್ವಾಂಸ ಮುನೇಓ ತೊಕುನಾಗ ಅವರು ಸಹಾಯಕರೊಡನೆ ಗಣಕಕ್ಕೆ ಏರಿಸಿದರು. ವಾಲ್ಮೀಕಿ ರಾಮಾಯಣವನ್ನೂ ಅವರು ಏರಿಸಿದ್ದಾರೆ. ಆಗ ಗಣಕದಲ್ಲಿ ನಾಗರಿಯಾಗಲಿ ಕನ್ನಡವಾಗಲಿ ಈಗಿನಂತೆ ಸುಲಭವಾಗಿ ಬರೆಯಲಾಗುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಿತ್ತು. ಸಣ್ಣ ‘ಟಿ’ ಬರೆದರೆ ‘ತ’, ದೊಡ್ಡ ‘ಟಿ’ ಬರೆದರೆ ‘ಟ’. ಸಣ್ಣ ‘ಎ’ ಎಂದರೆ ‘ಅ’, ದೊಡ್ಡ ‘ಎ’ ಎಂದರೆ ‘ಆ’. ಇದಕ್ಕೆ ಹಾರ್ವರ್ಡ್-ಕ್ಯೋಟೋ ಪದ್ಧತಿ ಎಂದು ಹೆಸರು. ಹದಿನೆಂಟು ಪರ್ವಗಳ ಮಹಾಭಾರತ ಹೀಗೆ ಗಣಕಕ್ಕೆ ಬಂದಿತು. ಆಮೇಲೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಜಾನ್ ಸ್ಮಿತ್ ಅವರು ಅದನ್ನು ಮತ್ತೆ ಪರಿಶೀಲಿಸಿ ತಿದ್ದಿದರು. ಒಬ್ಬರು ಬರೆಯುವುದು, ಇನ್ನೊಬ್ಬರು ಮೂಲಕ್ಕೆ ಹೋಲಿಸಿ ತಿದ್ದುವುದು: ಓಲೆಯ ಕಾಲದ ಪದ್ಧತಿಯೇ ಹೊಸ ಸಾಧನದಲ್ಲಿ ಮುಂದುವರಿಯಿತು.

ಇಂಥ ಪಠ್ಯಗಳು ಒಬ್ಬೊಬ್ಬರ ಬಳಿ ಚೆದುರಿಹೋಗಿದ್ದವು. ಅವುಗಳನ್ನು ಒಂದೆಡೆ ತರುವುದಕ್ಕಾಗಿ ಜರ್ಮನಿಯ ಗೊಟ್ಟಿಂಗೆನ್ ನಗರದ ಗ್ರಂಥಾಲಯದಲ್ಲಿ 2001ರಲ್ಲಿ ‘ಗ್ರೆಟಿಲ್’ ಎಂಬ ಸಂಗ್ರಹ ಆರಂಭವಾಯಿತು. ವೇದ, ಪುರಾಣ, ಕಾವ್ಯ, ಶಾಸ್ತ್ರ, ಬೌದ್ಧ ಗ್ರಂಥಗಳು ಅಲ್ಲಿವೆ. ಯಾವ ಅಚ್ಚಿನ ಪುಸ್ತಕದಿಂದ ತೆಗೆದುಕೊಂಡದ್ದು, ಯಾರು ಬರೆದು ಸೇರಿಸಿದರು ಎಂಬ ವಿವರ ಪಠ್ಯದ ತಲೆಯಲ್ಲೇ ಇರುತ್ತದೆ. ‘ಸಂಸ್ಕೃತ ಡಾಕ್ಯುಮೆಂಟ್ಸ್’ ಎಂಬ ಇನ್ನೊಂದು ಸಂಗ್ರಹವನ್ನು ಸ್ವಯಂಸೇವಕರೇ ನಡೆಸುತ್ತಾರೆ. ಅಲ್ಲಿಯ ಸ್ತೋತ್ರಗಳನ್ನು ಕನ್ನಡ ಲಿಪಿಯಲ್ಲೂ ಓದಬಹುದು. ನಮ್ಮ ಊರುಗಳಲ್ಲಿ ಮೊಬೈಲಿನಲ್ಲಿ ಸಹಸ್ರನಾಮ ನೋಡಿಕೊಂಡು ಓದುವ ಅನೇಕರು, ಗೊತ್ತಿದ್ದೋ ಇಲ್ಲದೆಯೋ, ಇಂಥ ಸ್ವಯಂಸೇವಕರ ದುಡಿಮೆಯನ್ನೇ ಬಳಸುತ್ತಿರಬಹುದು.

ಬಳಸುವವರಿಗೆ ಎರಡು ಮಾತು

ಈ ಗ್ರಂಥಾಲಯಗಳ ದೊಡ್ಡ ಉಪಕಾರವೆಂದರೆ ಹುಡುಕುವ ಸೌಲಭ್ಯ. ಒಂದು ಹೆಸರು ಮಹಾಭಾರತದಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ತಿಳಿಯಲು ಹಿಂದೆ ತಿಂಗಳುಗಟ್ಟಲೆ ಪುಟ ತಿರುವಬೇಕಿತ್ತು; ಈಗ ಕ್ಷಣ ಸಾಕು. ಆದರೆ ಎರಡು ವಿಷಯ ತಿಳಿದಿರಬೇಕು.

ಮೊದಲನೆಯದು, ನಾವು ನೋಡುತ್ತಿರುವುದು ಯಾವ ಆವೃತ್ತಿಯ ಪಾಠ ಎಂಬುದು. ವ್ಯಾಸರು ಹೇಳಿದ ಮಹಾಭಾರತವನ್ನು ಗಣಪತಿ ಬರೆದುಕೊಂಡ ಕಥೆ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಪುಣೆಯ ಆವೃತ್ತಿಯ ಮುಖ್ಯ ಪಾಠದಲ್ಲಿ ಈ ಕಥೆಯನ್ನು ಹುಡುಕಿದರೆ ಸಿಗುವುದಿಲ್ಲ. ಇದು ಆಮೇಲೆ ಸೇರಿದ ಭಾಗವೆಂದು ಹಸ್ತಪ್ರತಿಗಳ ಹೋಲಿಕೆಯಿಂದ ತೀರ್ಮಾನಿಸಿ, ಸಂಪಾದಕರು ಅದನ್ನು ಅನುಬಂಧಕ್ಕೆ ಹಾಕಿದ್ದಾರೆ. ಗಣಕದಲ್ಲಿ ಸಿಗಲಿಲ್ಲವೆಂದು ಕಥೆಯೇ ಸುಳ್ಳೆನ್ನುವುದೂ ಸರಿಯಲ್ಲ, ಗಣಕದ ಪಠ್ಯವೇ ತಪ್ಪೆನ್ನುವುದೂ ಸರಿಯಲ್ಲ. ಯಾವ ಆವೃತ್ತಿ ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿಯ ಮೊದಲ ಕೆಲಸ.

ಎರಡನೆಯದು ಸಂಧಿ. ದೇವ ಮತ್ತು ಇಂದ್ರ ಸೇರಿದರೆ ದೇವೇಂದ್ರ, ಗುಣಸಂಧಿ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಗಣಕಕ್ಕೆ ಆ ಪಾಠ ಗೊತ್ತಿಲ್ಲ. ‘ಇಂದ್ರ’ ಎಂದು ಹುಡುಕಿದರೆ ‘ದೇವೇಂದ್ರ’ ಎಂಬಲ್ಲಿರುವ ಇಂದ್ರ ಅದಕ್ಕೆ ಕಾಣುವುದಿಲ್ಲ. ಸಂಧಿಯಲ್ಲಿ ಬದಲಾಗದ ನಡುವಿನ ಭಾಗವನ್ನು ಕೊಟ್ಟು ಹುಡುಕಬೇಕು. ಸಂಧಿ ಬಿಡಿಸಿ, ಪ್ರತಿ ಪದವನ್ನೂ ಗುರುತಿಸಿರುವ ಪಠ್ಯಕೋಶವೊಂದನ್ನು ಜರ್ಮನಿಯ ಆಲಿವರ್ ಹೆಲ್ವಿಗ್ ಅವರು ಸಿದ್ಧಪಡಿಸಿದ್ದಾರೆ. ಉಳಿದ ಕಡೆ ಹೈಸ್ಕೂಲಿನ ವ್ಯಾಕರಣವೇ ನಮಗೆ ಆಧಾರ.

ಚಿತ್ರ ಬೇರೆ, ಪಠ್ಯ ಬೇರೆ

ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿದರೆ ಕೆಲಸ ಮುಗಿಯಿತೆಂದು ಬಹಳ ಜನ ತಿಳಿಯುತ್ತಾರೆ. ಸ್ಕ್ಯಾನ್ ಎಂದರೆ ಪುಟದ ಫೋಟೋ. ಅದು ತುಂಬ ಅಗತ್ಯವಾದ ಮೊದಲ ಹೆಜ್ಜೆ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಖ್ಯ ಪಾತ್ರ ವಹಿಸಿದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆ ಲಕ್ಷಾಂತರ ಪುಸ್ತಕಗಳನ್ನು ಹೀಗೆ ಸ್ಕ್ಯಾನ್ ಮಾಡಿತು. ಆ ಯೋಜನೆಯ ತಾಣ ನಿಂತುಹೋದ ಮೇಲೂ ಅನೇಕ ಪುಸ್ತಕಗಳು ‘ಇಂಟರ್‌ನೆಟ್ ಆರ್ಕೈವ್’ನಲ್ಲಿ ಸಿಗುತ್ತವೆ, ಏಕೆಂದರೆ ಅಷ್ಟರಲ್ಲಿ ಇನ್ನೊಂದು ಕಡೆ ನಕಲಾಗಿತ್ತು.

ಆದರೆ ಫೋಟೋದಲ್ಲಿರುವ ಅಕ್ಷರ ಗಣಕದ ಪಾಲಿಗೆ ಗೀರು ಮಾತ್ರ. ಅದರಲ್ಲಿ ಪದ ಹುಡುಕಲಾಗದು, ಕಣ್ಣು ಕಾಣದವರಿಗೆ ಗಣಕ ಅದನ್ನು ಓದಿ ಹೇಳಲಾರದು, ಬೇರೆ ಲಿಪಿಗೆ ಬದಲಿಸಲಾಗದು. ಅದು ಅಕ್ಷರವಾಗಬೇಕು. ಆಗ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಜಗತ್ತಿನ ಲಿಪಿಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ನಾಗರಿಯ ‘ಕ’ಕ್ಕೆ 2325, ಕನ್ನಡದ ‘ಕ’ಕ್ಕೆ 3221. ವ್ಯತ್ಯಾಸ 896. ನಾಗರಿಯ ‘ಗ’ಕ್ಕೂ ಕನ್ನಡದ ‘ಗ’ಕ್ಕೂ ಇರುವ ವ್ಯತ್ಯಾಸವೂ 896. ಭಾರತೀಯ ಲಿಪಿಗಳನ್ನು ಒಂದೇ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿರುವುದರಿಂದ ಹೀಗೆ. ಆದ್ದರಿಂದಲೇ ‘ಅಕ್ಷರಮುಖ’ದಂಥ ತಂತ್ರಾಂಶ ನಾಗರಿಯ ಪುಟವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕನ್ನಡಕ್ಕೆ ತರುತ್ತದೆ. ನಾಗರಿ ಬಾರದ ನಮ್ಮ ಅಜ್ಜಿಯರು ಕನ್ನಡದಲ್ಲಿ ಓದಬಹುದು. ನಾವು ಕನ್ನಡದಲ್ಲಿ ಬರೆದದ್ದನ್ನು ಕಾಶಿಯವರು ನಾಗರಿಯಲ್ಲಿ ಓದಬಹುದು.

ಕರಡು ತಿದ್ದುವ ಕೆಲಸ

ಫೋಟೋವನ್ನು ಅಕ್ಷರವಾಗಿಸುವ ತಂತ್ರಾಂಶಗಳು ಈಗ ಬಂದಿವೆ. ಆದರೆ ಅವು ತಪ್ಪುತ್ತವೆ. ನಾಗರಿಯಲ್ಲಿ ‘ಘ’ ಇದ್ದಲ್ಲಿ ‘ಧ’, ‘ಭ’ ಇದ್ದಲ್ಲಿ ‘ಮ’, ‘ಬ’ ಇದ್ದಲ್ಲಿ ‘ವ’ ಎಂದು ಓದುತ್ತವೆ. ಕನ್ನಡದಲ್ಲಿ ‘ಪ’ ಮತ್ತು ‘ಷ’, ‘ದ’ ಮತ್ತು ‘ಧ’, ‘ಥ’ ಮತ್ತು ‘ಧ’ ಅದಲುಬದಲಾಗುತ್ತವೆ. ಅನುಸ್ವಾರದ ಸೊನ್ನೆಯನ್ನು ಕನ್ನಡ ಅಂಕಿಯ ಸೊನ್ನೆಯೆಂದೂ, ಅರ್ಕಾವೊತ್ತನ್ನು ಕನ್ನಡ ಅಂಕಿಯ ಒಂಬತ್ತೆಂದೂ ತಿಳಿದುಕೊಳ್ಳುವುದುಂಟು. ಕಣ್ಣಿಗೆ ಎರಡೂ ಒಂದೇ ತರಹ ಕಾಣುತ್ತವೆ, ಹುಡುಕಿದಾಗ ಮಾತ್ರ ಪದ ಸಿಗುವುದಿಲ್ಲ. ಆದ್ದರಿಂದ ಮನುಷ್ಯನ ಕಣ್ಣು ಬೇಕೇ ಬೇಕು.

ನಾನು ಈ ಕೆಲಸ ಮಾಡುವುದು ವಿಕಿಸೋರ್ಸ್ ಎಂಬ ಸ್ವತಂತ್ರ ಗ್ರಂಥಾಲಯದಲ್ಲಿ. ಸಂಸ್ಕೃತಕ್ಕೊಂದು, ಕನ್ನಡಕ್ಕೊಂದು ಬೇರೆ ಬೇರೆ ವಿಕಿಸೋರ್ಸ್ ಇವೆ. ಪರದೆಯ ಒಂದು ಪಕ್ಕದಲ್ಲಿ ಅಚ್ಚಿನ ಪುಟದ ಫೋಟೋ, ಇನ್ನೊಂದು ಪಕ್ಕದಲ್ಲಿ ಪಠ್ಯ. ಎರಡನ್ನೂ ಸಾಲುಸಾಲಾಗಿ ಹೋಲಿಸಿ ತಿದ್ದಬೇಕು. ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದ ಮೇಲೆ ಹಳದಿ, ಎರಡನೆಯವರು ಮತ್ತೆ ನೋಡಿ ಒಪ್ಪಿದ ಮೇಲೆ ಹಸಿರು. ತಾನು ತಿದ್ದಿದ ಪುಟಕ್ಕೆ ತಾನೇ ಹಸಿರು ಕೊಡುವಂತಿಲ್ಲ. ಈ ಒಂದು ನಿಯಮ ನನಗೆ ಬಹಳ ಹಿಡಿಸಿದೆ.

ಇನ್ನೊಂದು ನಿಯಮ, ಅಚ್ಚಿನಲ್ಲಿ ಇದ್ದದ್ದನ್ನು ಇದ್ದಂತೆ ಕೊಡುವುದು. ನಮಗೆ ಬಾಯಿಗೆ ಬರುವ ಶ್ಲೋಕ ಪುಸ್ತಕದಲ್ಲಿ ಬೇರೆ ಪಾಠವಾಗಿ ಕಂಡರೆ ತಿದ್ದಲು ಕೈ ತುರಿಸುತ್ತದೆ. ತಿದ್ದಬಾರದು. ಆ ಪಾಠಭೇದವೇ ಮುಂದೊಬ್ಬ ಸಂಶೋಧಕನಿಗೆ ಆಧಾರವಾಗಬಹುದು. ಕೃತಿಸ್ವಾಮ್ಯವನ್ನೂ ನೋಡಬೇಕು. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಶಾಮಶಾಸ್ತ್ರಿಗಳು 1944ರಲ್ಲಿ ತೀರಿಕೊಂಡರು, ಆದ್ದರಿಂದ ಅವರ ಕೃತಿಗಳು 2005ರಿಂದ ಎಲ್ಲರ ಸ್ವತ್ತು. ಹಳೆಯ ಗ್ರಂಥದ ಮೂಲಕ್ಕೆ ಹಕ್ಕಿಲ್ಲದಿದ್ದರೂ ಇತ್ತೀಚಿನವರು ಬರೆದ ಅರ್ಥ, ಟಿಪ್ಪಣಿಗಳಿಗೆ ಹಕ್ಕು ಇರಬಹುದು. ಅನುಮಾನವಿದ್ದರೆ ಸೇರಿಸದಿರುವುದೇ ಸರಿ.

ಕನ್ನಡ ಲಿಪಿಯ ಸಂಸ್ಕೃತ

ಆರಂಭದಲ್ಲಿ ಹೇಳಿದ, ನಮ್ಮಿಂದಲೇ ಆಗಬೇಕಾದ ಕೆಲಸ ಇದು. ಸಂಸ್ಕೃತಕ್ಕೆ ತನ್ನದೇ ಆದ ಒಂದೇ ಲಿಪಿ ಎಂದೂ ಇರಲಿಲ್ಲ. ನಮ್ಮ ನಾಡಿನಲ್ಲಿ ಅದನ್ನು ಕನ್ನಡ ಲಿಪಿಯಲ್ಲೇ ಬರೆದರು, ಅಚ್ಚು ಹಾಕಿದರು. ಕನ್ನಡ ಅರ್ಥದೊಂದಿಗೆ ಅಮರಕೋಶ, ರಾಮಾಯಣ, ಪುರಾಣ, ಜ್ಯೋತಿಷ್ಯ, ವೈದ್ಯದ ಪುಸ್ತಕಗಳು ಹಳ್ಳಿ ಹಳ್ಳಿಯ ಮನೆಗಳಿಗೆ ಬಂದವು. ಜಯಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಪ್ರಕಟವಾದ ಗ್ರಂಥರತ್ನಮಾಲೆಯ ಪುರಾಣಗಳಲ್ಲಿ ಮೂಲ ಶ್ಲೋಕವೂ ಕನ್ನಡ ಲಿಪಿಯಲ್ಲಿ, ಅರ್ಥವೂ ಕನ್ನಡದಲ್ಲಿ ಇದೆ. ಸಂಸ್ಕೃತ ಬಾರದ ಸಾಮಾನ್ಯ ಓದುಗರಿಗೆ ಬಾಗಿಲು ತೆರೆದದ್ದು ಇಂಥ ಪುಸ್ತಕಗಳು.

ಅಂತರ್ಜಾಲದ ದೊಡ್ಡ ಸಂಗ್ರಹಗಳಲ್ಲಿ ಮಾತ್ರ ಇವುಗಳ ಪಾಲು ಕಡಿಮೆ. ಕಾರಣ ಸರಳ. ಗೊಟ್ಟಿಂಗೆನ್‌ನವರಾಗಲಿ ಕ್ಯೋಟೋದವರಾಗಲಿ ಹೆಚ್ಚಾಗಿ ಓದುವುದು ನಾಗರಿಯನ್ನು, ರೋಮನ್ ಲಿಪಿಯನ್ನು. ಮೂರು ಒತ್ತಕ್ಷರ ಒಂದರ ಕೆಳಗೊಂದು ಕುಳಿತ ನಮ್ಮ ಹಳೆಯ ಅಚ್ಚನ್ನು ಓದುವವರು ಅವರಲ್ಲಿ ವಿರಳ. ತಂತ್ರಾಂಶ ಕೂಡ ಅಲ್ಲೇ ಹೆಚ್ಚು ಎಡವುತ್ತದೆ. ಈ ಅಚ್ಚನ್ನು ಸರಾಗವಾಗಿ ಓದುವವರು ಇರುವುದು ನಮ್ಮ ಜಿಲ್ಲೆ ತಾಲ್ಲೂಕುಗಳಲ್ಲಿ. ಅವರಲ್ಲಿ ವಯಸ್ಸಾದವರೇ ಜಾಸ್ತಿ. ಪುಸ್ತಕಗಳಿಗೂ ವಯಸ್ಸಾಗಿದೆ. ಮಡಿಸಿದರೆ ಮುರಿಯುವ ಕಾಗದ, ಬೆನ್ನು ಕಿತ್ತ ಕಟ್ಟು. ಮನೆ ಪಾಲಾಗುವಾಗ, ಹಳೆಯ ಮನೆ ಕೆಡವುವಾಗ ಇವು ರದ್ದಿಗೆ ಹೋಗುತ್ತವೆ. ಓಲೆಯ ಕಾಲದಲ್ಲಿ ನೂರಾರು ವರ್ಷದಲ್ಲಿ ಆಗುತ್ತಿದ್ದದ್ದು ಈಗ ಒಂದು ಮಧ್ಯಾಹ್ನದಲ್ಲಿ ಆಗುತ್ತದೆ.

ಆದ್ದರಿಂದ ಊರಿನವರಲ್ಲಿ ನನ್ನ ವಿನಂತಿ: ಅಟ್ಟದ ಮೇಲಿನ ಪುಸ್ತಕವನ್ನು ರದ್ದಿಗೆ ಹಾಕುವ ಮೊದಲು ಮೊದಲ ಪುಟ, ಅಚ್ಚುಕೂಟದ ಹೆಸರು ಮತ್ತು ಇಸವಿ ಇರುವ ಪುಟ, ಕೊನೆಯ ಪುಟ, ಇಷ್ಟರ ಫೋಟೋ ತೆಗೆದು ಶಾಲೆಯ ಶಿಕ್ಷಕರಿಗೆ ತೋರಿಸಿ. ಅದು ಬೇರೆಲ್ಲಾದರೂ ಇದೆಯೇ ಎಂದು ನೋಡುವುದು ಅರ್ಧ ಗಂಟೆಯ ಕೆಲಸ. ಓಲೆಯ ಕಟ್ಟು ಸಿಕ್ಕರೆ ಬಿಚ್ಚಲು ಹೋಗದೆ, ಒಣಗಿದ ಜಾಗದಲ್ಲಿಟ್ಟು, ಮೈಸೂರಿನ ಸಂಶೋಧನಾಲಯದಂಥ ಸಂಸ್ಥೆಗೆ ತಿಳಿಸಿ.

ಶಿಕ್ಷಕರಲ್ಲಿ ಒಂದು ಸಲಹೆ. ನಮ್ಮ ಶಾಲೆಯ ಮಕ್ಕಳು ವಾರಕ್ಕೆ ಒಂದು ಪುಟ ತಿದ್ದಬಲ್ಲರು. ನನ್ನ ಅನುಭವದಲ್ಲಿ ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಮೂವತ್ತು ಮಕ್ಕಳಿದ್ದರೆ ಮುನ್ನೂರು ಪುಟದ ಪುಸ್ತಕ ಹತ್ತು ವಾರದಲ್ಲಿ ಹಳದಿಯಾಗುತ್ತದೆ. ಪುಟಗಳನ್ನು ಅದಲುಬದಲು ಮಾಡಿ ಕೊಟ್ಟರೆ ಇನ್ನು ಹತ್ತು ವಾರದಲ್ಲಿ ಹಸಿರು. ಒಂದು ಶೈಕ್ಷಣಿಕ ವರ್ಷದೊಳಗೆ ಒಂದು ಪುಸ್ತಕ. ಕಾಗುಣಿತ, ಒತ್ತಕ್ಷರ, ಸಂಧಿ ಎಲ್ಲವೂ ಅದರಲ್ಲೇ ಪಾಠವಾಗುತ್ತವೆ. ಒಂದು ಕಾಲದಲ್ಲಿ ಈ ಗ್ರಂಥಗಳನ್ನು ಮುಟ್ಟಲೂ ಬಿಡದಿದ್ದ ಮನೆತನಗಳ ಮಕ್ಕಳು ಈ ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಕುಳಿತು ಅವುಗಳ ಲಿಪಿಕಾರರಾಗುತ್ತಾರೆ. ಬೇಕಾದ ಪುಸ್ತಕವನ್ನು ಆರಿಸಿಕೊಡುವುದಕ್ಕೂ, ಮೊದಲ ಕೆಲವು ವಾರ ಜೊತೆಗೆ ಕುಳಿತು ಕಲಿಸುವುದಕ್ಕೂ ನಾನು ಸಿದ್ಧನಿದ್ದೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ಹಳೆಯ ಅಚ್ಚು ಓದಬಲ್ಲ ಹಿರಿಯರು ಎರಡನೆಯ ಓದಿಗೆ ಕೈಜೋಡಿಸಿದರೆ ಈ ವರ್ಷವೇ ಆರಂಭಿಸಬಹುದು.